ಕೋಟೆ, ಜೀಪು ಮತ್ತು ಉಪ್ಪುಗಾಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಹಳೆ ಕೋಟೆಗಳನ್ನು ಉಳಿಸುವುದು ಹೇಗೆ, ಹಳೆ ಮಿಲಿಟರಿ ಗಾಡಿಗಳನ್ನು ಸರಿಮಾಡುವುದು ಹೇಗೆ ಎಂದು ಜನ ಮಾತಿನಲ್ಲಿ, ಪತ್ರದಲ್ಲಿ, ಮೆಸೇಜಿನಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಆ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲು ತಿಳಿಯಬೇಕಾದದ್ದು

ನಮ್ಮ ಕಡೆ ಯುದ್ಧದ ಕುರುಹು ಅಂತ ನಿಜವಾಗಿ ಎಂತ ಉಂಟು?

ಬೇಕಾದಷ್ಟಿದೆ. ಕಾಳಿ ನದಿ ಸಮುದ್ರ ಸೇರುವಲ್ಲಿ, ಉತ್ತರ ದಡದ ಗುಡ್ಡದ ಮೇಲೆ ಸದಾಶಿವಗಡ. ಸೋಂದೆಯ ಅರಸರು ಕಟ್ಟಿಸಿದ್ದು. 1752ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದರು, ಮುಂದೆ ಹೈದರಾಲಿಯ ಕಡೆಯವರು ಬಂದರು, ಕೊನೆಗೆ ಇಂಗ್ಲಿಷರು. ಕುಮಟಾದ ಹತ್ತಿರ ಅಘನಾಶಿನಿಯ ಬಗಲಿಗೆ ಮಿರ್ಜಾನ ಕೋಟೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಕಾಳುಮೆಣಸಿನ ವ್ಯಾಪಾರಕ್ಕೆ ಕಾವಲಾಗಿ ನಿಂತ ಕೋಟೆ ಅದು. ಹೊನ್ನಾವರದ ಎದುರು ನೀರಿನಲ್ಲಿ ಬಸವರಾಜದುರ್ಗ ಇದೆ.

ಅಂಜುದೀವ ದ್ವೀಪ ಆಡಳಿತದಲ್ಲಿ ಗೋವಾಕ್ಕೆ ಸೇರಿದ್ದು. ಆದರೆ ಇರುವುದು ಕಾರವಾರದ ಕಣ್ಣೆದುರು. 1961ರ ಡಿಸೆಂಬರ್‌ನಲ್ಲಿ, ಗೋವಾ ವಿಮೋಚನೆಯ ಹೊತ್ತಿಗೆ, ಅಲ್ಲಿನ ಪೋರ್ಚುಗೀಸ್ ನೆಲೆಯ ಮೇಲೆ ನಮ್ಮ ನೌಕಾಪಡೆ ಇಳಿಯಿತು. ಏಳು ನಾವಿಕರು ಅಲ್ಲಿ ಪ್ರಾಣ ಕೊಟ್ಟರು. ಈಗ ಆ ದ್ವೀಪ ನೌಕಾನೆಲೆಯ ಭಾಗ, ಸಾರ್ವಜನಿಕರಿಗೆ ಪ್ರವೇಶವಿಲ್ಲ.

ಇವುಗಳ ಜೊತೆ ಕಾರವಾರದ ಟಾಗೋರ್ ಕಡಲತೀರದಲ್ಲಿ ಚಪಲ ಯುದ್ಧನೌಕೆ, ಪಕ್ಕದಲ್ಲೇ ಟುಪೊಲೆವ್ ವಿಮಾನ. ಇನ್ನು ಹಳೆ ಜೀಪುಗಳು. ಅವು ಘಟ್ಟದ ಮೇಲಿನ ಅಡಿಕೆ ತೋಟದ ಮನೆಗಳಲ್ಲಿ, ಕರಾವಳಿಯ ಗ್ಯಾರೇಜುಗಳ ಹಿತ್ತಲಿನಲ್ಲಿ ಇನ್ನೂ ಸಿಗುತ್ತವೆ.

ಚಪಲ ಹಡಗು 1971ರಲ್ಲಿ ಕರಾಚಿಗೆ ಹೋಗಿ ಬಾಂಬ್ ಹಾಕಿತ್ತಂತೆ, ಹೌದಾ?

ಇಲ್ಲ. ಚಪಲ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಕ್ಷಿಪಣಿ ಹಾರಿಸಿದ್ದು ಅದೇ ಓಸಾ ಜಾತಿಯ ಮೊದಲ ತಂಡದ ದೋಣಿಗಳು: ನಿರ್ಘಾತ್, ನಿಪಾತ್, ವೀರ್. ಚಪಲ ಅವುಗಳ ನಂತರ ಸೋವಿಯತ್ ಒಕ್ಕೂಟದಿಂದ ಬಂದ ಸುಧಾರಿತ ತಂಡದ್ದು. 2005ರಲ್ಲಿ ನಿವೃತ್ತಿಯಾಗಿ ಕಾರವಾರಕ್ಕೆ ಬಂತು.

ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ದಯವಿಟ್ಟು ಸರಿಯಾಗಿ ಹೇಳಿ. ಕರಾಚಿಯ ಕಥೆ ಹೇಳಲೇಬೇಕು, ಆದರೆ ಯಾವ ದೋಣಿಯ ಕಥೆ ಎಂಬುದನ್ನೂ ಸೇರಿಸಿ ಹೇಳಬೇಕು.

ಕೋಟೆ ಬೇರೆ, ಜೀಪು ಬೇರೆ. ಎರಡನ್ನೂ ಒಟ್ಟಿಗೆ ಯಾಕೆ ಮಾತಾಡ್ತೀರಿ?

ಎರಡಕ್ಕೂ ಶತ್ರು ಒಂದೇ. ನೀರು ಮತ್ತು ಅದರೊಳಗಿನ ಉಪ್ಪು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಕಲ್ಲಿನ ಸಂದಿನಲ್ಲಾಗಲಿ ಚಾಸಿಯ, ಅಂದರೆ ಗಾಡಿಯ ಕೆಳಚೌಕಟ್ಟಿನ, ಮೂಲೆಯಲ್ಲಾಗಲಿ ನೀರು ನಿಂತರೆ ಹಾಳಾಗುವ ಕೆಲಸ ಶುರು. ಹೊರಗೆ ಹರಿದು ಹೋದರೆ ಅರ್ಧ ಗೆದ್ದ ಹಾಗೆ. ನಾವು ಕೊಡುವ ಸಲಹೆಯೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ: ನೀರಿಗೆ ದಾರಿ ಮಾಡಿಕೊಡಿ, ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಕೆಲಸ ಮಾಡಿ, ಹೊಸದರಂತೆ ಕಾಣಿಸಬೇಕೆಂಬ ಆಸೆ ಬಿಡಿ.

ಭಾನುವಾರ ಹುಡುಗರು ಸೇರಿ ಕೋಟೆ ಕ್ಲೀನ್ ಮಾಡ್ತೇವೆ. ಯಾರ ಹತ್ರ ಕೇಳ್ಬೇಕು?

ಕೇಳಲೇಬೇಕು, ಬಿಡುವ ಹಾಗಿಲ್ಲ. ಮಿರ್ಜಾನದಂಥ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿದೆ. ಅವರ ಧಾರವಾಡ ವಲಯ ಕಚೇರಿಗೆ ಪತ್ರ ಬರೆಯಿರಿ. 1958ರ ಸ್ಮಾರಕ ಕಾಯ್ದೆಯ ಪ್ರಕಾರ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಒಳ್ಳೆ ಮನಸ್ಸಿನಿಂದ ಮಾಡಿದೆವು ಅಂದರೂ ಕಿತ್ತ ಕಲ್ಲು ವಾಪಸ್ ಕೂರುವುದಿಲ್ಲ ಅಲ್ವಾ?

ರಾಜ್ಯದ ಪಟ್ಟಿಯಲ್ಲಿರುವ ಸ್ಮಾರಕವಾದರೆ ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ. ಯಾವ ಪಟ್ಟಿಯಲ್ಲೂ ಇಲ್ಲದ್ದಾದರೆ ಗ್ರಾಮ ಪಂಚಾಯ್ತಿ, ಕಾಡಿನೊಳಗಿದ್ದರೆ ಅರಣ್ಯ ಇಲಾಖೆ.

ಅನುಮತಿ ಬರುವವರೆಗೆ ಪ್ಲಾಸ್ಟಿಕ್, ಬಾಟಲಿ ಹೆಕ್ಕಬಹುದು. ಗುದ್ದಲಿ, ಹಾರೆ, ಕತ್ತಿ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.

ಕೋಟೆ ಪಕ್ಕ ನಮ್ಮ ಜಾಗ ಉಂಟು. ಮನೆ ಕಟ್ಟಲಿಕ್ಕೆ ಆಗ್ತದಾ?

ಕೇಂದ್ರದ ರಕ್ಷಿತ ಸ್ಮಾರಕವಾದರೆ ಅದರ ಗಡಿಯಿಂದ 100 ಮೀಟರ್ ನಿಷೇಧಿತ ವಲಯ. ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ, ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಸಮುದ್ರದ ಹತ್ತಿರವಿದ್ದರೆ ಕರಾವಳಿ ನಿಯಂತ್ರಣ ವಲಯದ ನಿಯಮವೂ ಸೇರಿಕೊಳ್ಳುತ್ತದೆ. ತಳಪಾಯ ಅಗೆಯುವ ಮೊದಲೇ ವಿಚಾರಿಸಿ.

## ಕಲ್ಲು, ಸುಣ್ಣ, ಬೇರು

ಬಿರುಕಿಗೆ ಒಂದು ಚೀಲ ಸಿಮೆಂಟ್ ಹಾಕಿದ್ರೆ ಮುಗೀತಲ್ಲ, ಎಂತಕ್ಕೆ ಬೇಡ ಹೇಳ್ತೀರಿ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಮೇಸ್ತ್ರಿಗಳೂ ಕೇಳುತ್ತಾರೆ, ಪಂಚಾಯ್ತಿ ಸದಸ್ಯರೂ ಕೇಳುತ್ತಾರೆ.

ಮಿರ್ಜಾನದಂಥ ಕೋಟೆಗಳ ಚಿರೇಕಲ್ಲು, ಅಂದರೆ ಜಂಬಿಟ್ಟಿಗೆ, ಮೆತ್ತಗಿನ ಕಲ್ಲು, ಮೈತುಂಬ ತೂತು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಹಳೆಯ ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗೆ. ಆದ್ದರಿಂದ ನೀರು ಗಾರೆಯ ಸಂದಿನಿಂದ ಹೊರಗೆ ಹೋಗುತ್ತದೆ, ಸವೆದರೆ ಗಾರೆ ಸವೆಯುತ್ತದೆ, ಕಲ್ಲು ಉಳಿಯುತ್ತದೆ. ಗಾರೆಯನ್ನು ಹತ್ತಾರು ವರ್ಷಕ್ಕೊಮ್ಮೆ ಮತ್ತೆ ತುಂಬಬಹುದು.

ಸಿಮೆಂಟ್ ಹಾಕಿದರೆ ಇದೆಲ್ಲ ತಲೆಕೆಳಗು. ಅದು ಕಲ್ಲಿಗಿಂತ ಗಟ್ಟಿ, ನೀರನ್ನು ಬಿಡುವುದೂ ಕಡಿಮೆ. ಒದ್ದೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಶೀಟು ಹೊದಿಸಿದ ಹಾಗೆ. ನೀರು ಹೊರಬರಲು ಕಲ್ಲಿನ ಮುಖವನ್ನೇ ಹುಡುಕುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟಿನ ಗೆರೆಗಳು ಬಲೆಯಂತೆ ಮುಂದೆ ಚಾಚಿಕೊಂಡು, ನಡುವಿನ ಕಲ್ಲು ಹಿಂದೆ ಹಿಂದೆ ತಿಂದುಹೋಗಿರುತ್ತದೆ. ಇದನ್ನು ನೋಡಿದವರು ಯಾರೂ ಮತ್ತೆ ಸಿಮೆಂಟ್ ಮಾತು ಎತ್ತುವುದಿಲ್ಲ. ಸಿಮೆಂಟಿನಲ್ಲೇ ಇರುವ ಕರಗುವ ಲವಣಗಳೂ ಕಲ್ಲಿಗೆ ಇಳಿಯುತ್ತವೆ.

ಹಿಂದೆ ಯಾರೋ ಹಾಕಿದ ಸಿಮೆಂಟನ್ನು ಕೀಳಲು ಅವಸರ ಬೇಡ. ಸಡಿಲವಾಗಿ ಬಿಟ್ಟುಕೊಂಡದ್ದನ್ನು ಉಳಿಯಿಂದ ತೆಗೆಯಬಹುದು. ಗಟ್ಟಿಯಾಗಿ ಹಿಡಿದದ್ದನ್ನು ಕೀಳಲು ಹೋದರೆ ಕಲ್ಲಿನ ಅಂಚೂ ಜೊತೆಗೇ ಬರುತ್ತದೆ.

ಸುಣ್ಣದ ಗಾರೆ ಮಾಡುವವರು ಈಗ ಎಲ್ಲಿದ್ದಾರೆ? ಮಾಡೂದು ಹೇಗೆ?

ಕೈಕೆಲಸ ಬಲ್ಲವರು ಕಡಿಮೆಯಾಗಿದ್ದಾರೆ, ಆದರೆ ಕಲಿಯಲು ಕಷ್ಟವಿಲ್ಲ. ಅಘನಾಶಿನಿ ಅಳಿವೆಯಲ್ಲಿ ಬಳಚಿನ ಚಿಪ್ಪು ರಾಶಿ ರಾಶಿ ಸಿಗುತ್ತಿತ್ತು. ಅದನ್ನು ಸುಟ್ಟು ಸುಣ್ಣ ಮಾಡುವ ರೂಢಿ ನಮ್ಮ ಕರಾವಳಿಯದ್ದೇ. ಸುಟ್ಟ ಚಿಪ್ಪಿಗೆ ನೀರು ಸೇರಿಸಿದಾಗ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು ಇಲ್ಲದೆ ಹತ್ತಿರ ಹೋಗಬೇಡಿ. ಅರಳಿದ ಸುಣ್ಣವನ್ನು ನೀರಿನಡಿ ಕೆಲವು ವಾರ ಕೊಳೆಹಾಕಿದರೆ ಬೆಣ್ಣೆಯಂತಾಗುತ್ತದೆ.

ಸಾಮಾನ್ಯವಾಗಿ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಚಿಪ್ಪಿನ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಸದಾ ತಂಪಿರುವ ಜಾಗದಲ್ಲಿ ಅದೊಂದೇ ಸಾಲುವುದಿಲ್ಲ. ಅಲ್ಲಿ ಸುರ್ಕಿ, ಅಂದರೆ ಹದವಾಗಿ ಸುಟ್ಟ ಇಟ್ಟಿಗೆಯ ಪುಡಿ, ಸೇರಿಸಿದರೆ ಒದ್ದೆಯಲ್ಲೂ ಹಿಡಿಯುತ್ತದೆ. ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುವ ಹಳೆ ಪದ್ಧತಿಯೂ ಇದೆ. ಎಷ್ಟು ಸೇರಿಸಬೇಕೆಂಬುದು ಮೇಸ್ತ್ರಿಯ ಅನುಭವದ ಮಾತು. ಮೊದಲು ಒಂದು ಸಣ್ಣ ಜಾಗದಲ್ಲಿ ಹಾಕಿ, ಒಂದು ಮಳೆಗಾಲ ದಾಟಿಸಿ ನೋಡಿ.

ಕಡಲತೀರದ ಮರಳು, ಅಳಿವೆಯ ಉಪ್ಪು ಮರಳು ಎರಡೂ ಬೇಡ. ಕೆಲಸ ಮಾಡಲು ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬಿಸಿಲಿಗೆ ಬೇಗ ಒಣಗಿದರೆ ಗಾರೆ ಪುಡಿಯಾಗುತ್ತದೆ, ಅದಕ್ಕೇ ಒದ್ದೆ ಗೋಣಿತಾಟು ಹೊದಿಸಿಡಬೇಕು.

ಗೋಡೆ ಮೇಲೆ ಗೋಳಿ ಮರ ಬೆಳೆದುಬಿಟ್ಟಿದೆ. ಎಳೆದು ತೆಗೀಬಹುದಾ?

ಎಳೆಯಬೇಡಿ. ಬೇರು ಕಲ್ಲುಗಳ ನಡುವೆ ಹೆಣೆದುಕೊಂಡಿರುತ್ತದೆ. ಎಷ್ಟೋ ಕಡೆ ಗೋಡೆಯನ್ನು ಹಿಡಿದು ನಿಲ್ಲಿಸಿರುವುದೇ ಆ ಬೇರು. ಎಳೆದರೆ ಗೋಡೆಯೂ ಬರುತ್ತದೆ.

ಹಕ್ಕಿ ಹಾಕಿದ ಬೀಜ ಮೊಳೆತು ಬೆರಳುದ್ದ ಇರುವಾಗಲೇ ಕಿತ್ತರೆ ಕಥೆ ಮುಗಿಯಿತು. ಅದಕ್ಕೆ ಸರಿಯಾದ ಹೊತ್ತು ಮಳೆ ನಿಂತ ತಕ್ಷಣದ ಒಂದೆರಡು ವಾರ. ಮಣ್ಣು ಇನ್ನೂ ಮೆತ್ತಗಿರುತ್ತದೆ. ದೊಡ್ಡ ಮರವಾದರೆ ಕೊಂಬೆಗಳನ್ನು ಮೇಲಿನಿಂದ ಹಂತ ಹಂತವಾಗಿ ಇಳಿಸಿ, ಕಾಂಡವನ್ನು ಗೋಡೆಯ ಹತ್ತಿರ ಕತ್ತರಿಸಿ, ಬೇರನ್ನು ಒಳಗೇ ಬಿಡಬೇಕು. ಕತ್ತರಿಸಿದ ಮುಖಕ್ಕೆ ಆಗಲೇ ಕಳೆನಾಶಕ ಹಚ್ಚುತ್ತಾರೆ. ಅದನ್ನು ಇಲಾಖೆಯ ಪರಿಣತರ ಎದುರಿಗೇ ಮಾಡಬೇಕು, ಕೋಟೆಯ ಬಾವಿಗಳ ಹತ್ತಿರವಂತೂ ಬೇಡವೇ ಬೇಡ. ಮತ್ತೆ ಚಿಗುರಿದರೆ ಮತ್ತೆ ಕತ್ತರಿಸಿ. ಬೇರು ಸತ್ತು ಕುಗ್ಗಿದ ಮೇಲೆ ಉಳಿಯುವ ಪೊಳ್ಳಿಗೆ ತೆಳು ಸುಣ್ಣದ ಗಾರೆ ತುಂಬಿಸಬೇಕು. ಈ ಕೊನೆಯ ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಪೊಳ್ಳಿನಲ್ಲಿ ನೀರು ತುಂಬಿ ಮುಂದಿನ ಮಳೆಗೆ ಗೋಡೆ ಉಬ್ಬುತ್ತದೆ.

ಮಿರ್ಜಾನ ಕೋಟೆ ಪಾಚಿ ಹಿಡಿದು ಹಸಿರಾಗ್ತದಲ್ಲ, ಉಜ್ಜಿ ತೊಳೀಬೇಕಾ?

ಬೇಡ. ಪಾಚಿ, ಸಣ್ಣ ಹುಲ್ಲು ಗೋಡೆಗೆ ಮಾಡುವ ಕೇಡು ಕಡಿಮೆ. ವೈರ್ ಬ್ರಶ್ ಮತ್ತು ಪ್ರೆಶರ್ ವಾಷರ್ ಮಾಡುವ ಕೇಡು ಜಾಸ್ತಿ. ಚಿರೇಕಲ್ಲು ಗಾಳಿಗೆ ಗಟ್ಟಿಯಾಗುವ ಕಲ್ಲು, ಹೊರಮೈಯಲ್ಲಿ ಗಡುಸು ಪದರ ಬಂದಿರುತ್ತದೆ. ಅದನ್ನು ಉಜ್ಜಿ ತೆಗೆದರೆ ಒಳಗಿನ ಮೆತ್ತಗಿನ ಭಾಗ ಮಳೆಗೆ ತೆರೆದುಕೊಳ್ಳುತ್ತದೆ. ಇಂಗ್ಲೆಂಡ್‌ನಲ್ಲಂತೂ ಪಾಳುಗೋಡೆಗಳ ತಲೆಗೆ ಬೇಕೆಂದೇ ಹುಲ್ಲುಮಣ್ಣು ಹೊದಿಸಿ ಕಾಪಾಡುವ ಪ್ರಯೋಗ ಮಾಡಿದ್ದಾರೆ.

ತೆಗೆಯಬೇಕಾದದ್ದು ಕಾಂಡ ಬಲಿಯುವ ಗಿಡಗಳನ್ನು: ಆಲ, ಅರಳಿ, ಬಸರಿ, ಕಮ್ಯುನಿಸ್ಟ್ ಗಿಡ, ಲಂಟಾನ. ಇನ್ನೊಂದು ಮಾತು. ಹಸಿರು ಗೋಡೆಯ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವುದನ್ನು ದಯವಿಟ್ಟು ಬಿಡಿ. ಜಾರುತ್ತದೆ, ಗೋಡೆಯ ತಲೆಯ ಕಲ್ಲೂ ಅಲ್ಲಾಡುತ್ತದೆ.

ಮಳೆಗಾಲದಲ್ಲಿ ಗೋಡೆ ಚೆನ್ನಾಗೇ ಇರ್ತದೆ, ಚಳಿಗಾಲದಲ್ಲಿ ಪುಡಿ ಉದುರ್ತದೆ. ಇದೆಂತ ವಿಚಿತ್ರ?

ಕೇಳಿದವರ ಕಣ್ಣು ಚುರುಕು. ಇದು ಉಪ್ಪಿನ ಕೆಲಸ. ಸಮುದ್ರದ ಉಪ್ಪು ಗಾಳಿಯ ತೇವ ಸುಮಾರು 75 ಪ್ರತಿಶತಕ್ಕಿಂತ ಮೇಲಿದ್ದಾಗ ನೀರಾಗುತ್ತದೆ, ಕೆಳಗಿಳಿದರೆ ಹರಳಾಗುತ್ತದೆ. ಮಳೆಗಾಲವಿಡೀ ನಮ್ಮಲ್ಲಿ ತೇವ ಮೇಲೆಯೇ ಇರುತ್ತದೆ, ಉಪ್ಪು ಕರಗಿಕೊಂಡೇ ಇರುತ್ತದೆ. ಒಣ ತಿಂಗಳುಗಳಲ್ಲಿ ಮಧ್ಯಾಹ್ನ ಒಣಗಾಳಿ ಬೀಸಿ ತೇವ ಇಳಿಯುತ್ತದೆ, ರಾತ್ರಿ ಮತ್ತೆ ಏರುತ್ತದೆ. ಪ್ರತಿ ಸಲ ಹರಳು ಕಟ್ಟುವಾಗ ಕಲ್ಲಿನ ತೂತಿನೊಳಗೆ ಒತ್ತಡ ಬಿದ್ದು ಒಂದೊಂದೇ ಕಣ ಒಡೆಯುತ್ತದೆ.

ಬಿಳಿ ಪುಡಿ ಕಂಡರೆ ನೀರು ಹಾಕಿ ತೊಳೆಯಬೇಡಿ, ಉಪ್ಪು ಮತ್ತೆ ಒಳಗೆ ಇಳಿಯುತ್ತದೆ. ಒಣ ಮೆತ್ತನೆ ಬ್ರಶ್‌ನಿಂದ ಗುಡಿಸಿ, ಪುಡಿಯನ್ನು ದೂರ ಒಯ್ದು ಚೆಲ್ಲಿ. ಜಾಸ್ತಿ ಇದ್ದರೆ ಪರಿಣತರು ಕಾಗದದ ತಿರುಳನ್ನು ಶುದ್ಧ ನೀರಿನಲ್ಲಿ ನೆನೆಸಿ ಗೋಡೆಗೆ ಮೆತ್ತುತ್ತಾರೆ. ಒಣಗುತ್ತಾ ಅದು ಉಪ್ಪನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ.

ಬಿದ್ದ ಗೋಡೆಯನ್ನು ಮೊದಲಿನ ಹಾಗೇ ಕಟ್ಟಿಬಿಟ್ಟರೆ ಪ್ರವಾಸಿಗರು ಬರ್ತಾರಲ್ಲ?

ಬರಬಹುದು. ಆದರೆ ನೋಡಲು ಬರುವುದು ಯಾವುದನ್ನು? ಎತ್ತರ ಎಷ್ಟಿತ್ತು, ಗೋಡೆಯ ತಲೆಯ ಹಲ್ಲಿನಂಥ ತೆನೆ ಹೇಗಿತ್ತು ಎಂಬುದಕ್ಕೆ ಆಧಾರವಿಲ್ಲದೆ ಕಟ್ಟಿದರೆ ಅದು ಈ ಕಾಲದ ಗೋಡೆ. ಹಳೆಯದು ಮಾತಾಡುತ್ತಿದ್ದ ಜಾಗದಲ್ಲಿ ನಮ್ಮ ಊಹೆ ನಿಂತುಕೊಳ್ಳುತ್ತದೆ. ನನ್ನ ಮಟ್ಟಿಗೆ ಬೀಳುತ್ತಿರುವುದನ್ನು ನಿಲ್ಲಿಸುವುದು ಮೊದಲ ಕೆಲಸ. ಬಿದ್ದ ಕಲ್ಲು ಅಲ್ಲೇ ಇದ್ದು, ಹಳೆ ಫೋಟೊ ಅಥವಾ ನಕ್ಷೆ ಸಿಕ್ಕಿ, ಗೋಡೆ ನಿಲ್ಲಲು ಆಸರೆ ಬೇಕೆನಿಸಿದರೆ ಅಷ್ಟು ಭಾಗ ಮಾತ್ರ ಕಟ್ಟಬಹುದು. ಎಲ್ಲಿಂದ ಹೊಸದು ಶುರುವಾಯಿತು ಎಂದು ತಿಳಿಯುವ ಹಾಗೆ ಗುರುತು ಬಿಡಬೇಕು.

ಸದಾಶಿವಗಡದಲ್ಲಿ ಹೆದ್ದಾರಿ ಗುಡ್ಡವನ್ನೇ ಸೀಳಿಕೊಂಡು ಹೋಗಿದೆ. ಅಲ್ಲಿ ಗೋಡೆ ಏರಿಸುವುದಕ್ಕಿಂತ ಮೇಲಿನಿಂದ ಇಳಿಯುವ ಮಳೆನೀರಿಗೆ ಸರಿಯಾದ ಗಟಾರ ಮಾಡುವುದು ಮುಖ್ಯ. ಕಡಿದ ಗುಡ್ಡಕ್ಕೆ ಮಳೆ ಏನು ಮಾಡಬಲ್ಲದು ಎಂಬುದನ್ನು 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಾವೆಲ್ಲ ನೋಡಿದ್ದೇವೆ.

ಬಿರುಕು ದೊಡ್ಡದಾಗ್ತಾ ಉಂಟಾ ಇಲ್ವಾ ಅಂತ ಗೊತ್ತಾಗೂದು ಹೇಗೆ?

ಮೊಬೈಲ್ ಸಾಕು. ಒಂದೇ ಜಾಗದಲ್ಲಿ ನಿಂತು, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು, ಮೇ ಕೊನೆಗೆ ಒಂದು ಫೋಟೊ, ಅಕ್ಟೋಬರ್‌ಗೆ ಒಂದು ಫೋಟೊ. ಇಲಾಖೆಯವರು ಬಿರುಕಿನ ಅಡ್ಡಕ್ಕೆ ತೆಳು ಗಾಜಿನ ಪಟ್ಟಿ ಅಂಟಿಸುತ್ತಾರೆ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಎಷ್ಟೋ ಬಿರುಕುಗಳು ನೂರು ವರ್ಷದಿಂದ ಹಾಗೇ ಇರುತ್ತವೆ, ಅವನ್ನು ಮುಟ್ಟಬೇಕಿಲ್ಲ.

ಡ್ರೋನ್ ಹಾರಿಸಿ ಸರ್ವೆ ಮಾಡಬಹುದಾ?

ಕಾರವಾರದ ಸುತ್ತ ಕದಂಬ ನೌಕಾನೆಲೆ ಇದೆ. ಅನುಮತಿ ಇಲ್ಲದೆ ಹಾರಿಸಬೇಡಿ, ಕೇಸು ಬೀಳುತ್ತದೆ. ಬೇರೆ ಊರುಗಳಲ್ಲೂ 2021ರ ಡ್ರೋನ್ ನಿಯಮಗಳ ಪ್ರಕಾರ ಹಾರಾಟ ವಲಯದ ನಕ್ಷೆ ನೋಡಿಯೇ ಹಾರಿಸಬೇಕು. ನೆಲದ ಮೇಲೆ ನಿಂತು ಒಂದರ ಮೇಲೊಂದು ಬರುವಂತೆ ನೂರಾರು ಫೋಟೊ ತೆಗೆದರೂ ಕಂಪ್ಯೂಟರಿನಲ್ಲಿ ಗೋಡೆಯ ಮೂರು ಆಯಾಮದ ಚಿತ್ರ ಚೆನ್ನಾಗಿ ಬರುತ್ತದೆ.

## ಹಳೆ ಗಾಡಿಗಳು

ಅಜ್ಜನ ಕಾಲದ ಜೀಪು ಕೊಟ್ಟಿಗೆಯಲ್ಲಿದೆ. ಯುದ್ಧದ ಜೀಪೇ ಹೌದಾ ಅಂತ ನೋಡೂದು ಹೇಗೆ?

ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಮತ್ತು ಅದರ ಜೋಡಿ ಫೋರ್ಡ್ ಜಿಪಿಡಬ್ಲ್ಯು 1941ರಿಂದ 1945ರವರೆಗೆ ಸುಮಾರು ಆರೂವರೆ ಲಕ್ಷ ತಯಾರಾದವು. ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು, ಬಾನೆಟ್ ತಗ್ಗು, ಹೆಡ್‌ಲೈಟ್ ಜಾಲರಿಯ ಒಳಗೆ ಕೂತಿರುತ್ತದೆ. ಯುದ್ಧದ ನಂತರದ ಸಿವಿಲ್ ಜೀಪಿಗೆ ಏಳು ಸೀಳು. ಮಹೀಂದ್ರ ಇಲ್ಲಿ ತಯಾರಿಸಿದ ಸಿಜೆ-3ಬಿಗೆ ಬಾನೆಟ್ ಎತ್ತರ, ಏಕೆಂದರೆ ಒಳಗಿನ ಎಂಜಿನ್ ಎತ್ತರ. ಜಾಲರಿ, ಬಾನೆಟ್ ಬದಲಾಯಿಸಿರುವುದು ಸಾಮಾನ್ಯ. ಆದ್ದರಿಂದ ಚಾಸಿ ನಂಬರನ್ನೇ ನಂಬಿ.

ನಮ್ಮ ಕಡೆ ಸಿಗುವುದು ಹೆಚ್ಚಾಗಿ ಮಹೀಂದ್ರ. ಬೇಜಾರು ಬೇಡ, ಅದಕ್ಕೂ ಅದರದ್ದೇ ಬೆಲೆ ಇದೆ. ಸೇನೆಯಿಂದ ಬಂದ ಬೇರೆ ಗಾಡಿಗಳೂ ಇವೆ. ಜಬಲ್ಪುರದ ಕಾರ್ಖಾನೆಯ ಜೊಂಗಾ, ಅಲ್ಲಿಯದೇ ಶಕ್ತಿಮಾನ್ ಲಾರಿ, ಮಾರುತಿಯ ಜಿಪ್ಸಿ.

ಎಂಜಿನ್ ಸೀಜ್ ಆಗಿದೆ. ಟೋ ಮಾಡಿ ಗೇರ್ ಹಾಕಿದ್ರೆ ಬಿಟ್ಟುಕೊಳ್ತದಾ?

ಬಿಟ್ಟುಕೊಳ್ಳುವುದಿಲ್ಲ, ಮುರಿಯುತ್ತದೆ. ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಡೀಸೆಲ್ ಮತ್ತು ತೆಳು ಎಣ್ಣೆ ಬೆರೆಸಿ ಹಾಕಿ, ಹಲವು ದಿನ ಬಿಡಿ. ಆಮೇಲೆ ಕೈಯಿಂದ, ಹಿಂದಕ್ಕೆ ಮುಂದಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ. ವಿಲ್ಲಿಸ್‌ನ ಹಳೆ 2.2 ಲೀಟರ್ ಎಂಜಿನ್ನಿಗೆ ವಾಲ್ವ್‌ಗಳು ಬ್ಲಾಕಿನಲ್ಲೇ ಇರುತ್ತವೆ. ಪಿಸ್ಟನ್ ಬಿಟ್ಟರೂ ವಾಲ್ವ್ ಕಚ್ಚಿಕೊಂಡಿರಬಹುದು, ಹೆಡ್ ಬಿಚ್ಚಿ ನೋಡಿಯೇ ಮುಂದೆ ಹೋಗಿ. ಬೋರ್ ಮಾಡಿಸುವುದು ಕೊನೆಯ ದಾರಿ.

ಹಳೆ ಬ್ರೇಕ್ ಲೈನರ್, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಏರ್ ಹೊಡೆದು ಧೂಳು ಹಾರಿಸಬೇಡಿ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ.

ತುಕ್ಕು ಹಿಡಿದ ಬಾಡಿಗೆ ಪುಟ್ಟಿ ಹಾಕಿ ಪೇಂಟ್ ಹೊಡೆದ್ರೆ ಸಾಕಲ್ವಾ?

ಒಂದು ಮಳೆಗಾಲಕ್ಕೆ ಸಾಕು. ಎರಡನೆಯದಕ್ಕೆ ಗುಳ್ಳೆ ಏಳುತ್ತದೆ. ತುಕ್ಕಿನೊಳಗೆ ಉಪ್ಪು ಉಳಿದಿದ್ದರೆ ಮೇಲೆ ಎಷ್ಟು ಒಳ್ಳೆ ಬಣ್ಣ ಹಾಕಿದರೂ ಕೆಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಮೊದಲು ಸಿಹಿನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಿ. ಆಮೇಲೆ ತುಕ್ಕು ತೆಗೆಯಿರಿ. ತೂತು ಬಿದ್ದ ಕಡೆ ತಗಡು ಕತ್ತರಿಸಿ ಹೊಸದನ್ನು ಬೆಸುಗೆ ಹಾಕಿಸಿ. ಲೋಹ ಬೆಳ್ಳಗೆ ಕಂಡ ದಿನವೇ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ನಮ್ಮ ಗಾಳಿಯಲ್ಲಿ ಒಂದು ರಾತ್ರಿ ಬಿಟ್ಟರೂ ಕೆಂಪು ಬರುತ್ತದೆ.

ಸ್ಯಾಂಡ್ ಬ್ಲಾಸ್ಟಿಂಗ್ ಚಾಸಿಗೆ ಸರಿ. ತೆಳು ತಗಡಿಗೆ ಹೊಡೆದರೆ ಸೊಟ್ಟಗಾಗುತ್ತದೆ. ಕಡಲ ಮರಳಿನಿಂದ ಮಾತ್ರ ಯಾವತ್ತೂ ಮಾಡಿಸಬೇಡಿ. ಗಾಡಿಗೆ ಉಪ್ಪು ಹತ್ತುತ್ತದೆ, ಕೆಲಸದವರ ಶ್ವಾಸಕೋಶಕ್ಕೆ ಸಿಲಿಕಾ ಧೂಳು ಹೋಗುತ್ತದೆ. ಆ ರೋಗಕ್ಕೆ ಮದ್ದಿಲ್ಲ.

ನೋಡಲೇಬೇಕಾದ ಜಾಗ ಎಂದರೆ ಎಂಬಿ ಜೀಪಿನ ನೆಲದ ಕೆಳಗಿನ ಅಡ್ಡಪಟ್ಟಿಗಳು. ಅವುಗಳೊಳಗೆ ಮೂಲದಲ್ಲೇ ಮರದ ತುಂಡು ತುಂಬಿರುತ್ತಾರೆ. ಮರ ನೀರು ಹಿಡಿದಿಟ್ಟು ತಗಡನ್ನು ಒಳಗಿನಿಂದ ತಿನ್ನುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ.

ಮಿಲಿಟರಿ ಹಸಿರು ಬಣ್ಣ ಹೊಡೆದು, ಬಾಣದ ನಂಬರ್ ಪ್ಲೇಟ್ ಹಾಕಬಹುದಾ?

ಎರಡೂ ಆಗುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ಮೇಲ್ಮುಖ ಬಾಣದ ನಂಬರ್ ಸೇನೆಯದ್ದು. ಮೂಲ ಬಣ್ಣ ಉಳಿಸಬೇಕೆಂಬ ಆಸೆ ನಮಗೆ ಅರ್ಥವಾಗುತ್ತದೆ, ಆದರೆ ಸಂಶಯದಿಂದ ಗಾಡಿ ನಿಲ್ಲಿಸುವ ಪೊಲೀಸರ ಕೆಲಸವೂ ಸರಿಯೇ. ಮರಳು ಬಣ್ಣ ಅಥವಾ ಬೂದು ಬಣ್ಣ ಹೊಡೆಸಿ. ಒಳಗೆಲ್ಲೋ, ಬಾನೆಟ್ ಕೆಳಗೆ, ಮೂಲ ಬಣ್ಣದ ಒಂದು ತುಣುಕನ್ನು ಮುಟ್ಟದೆ ಉಳಿಸಿ. ಮುಂದೆ ಅಭ್ಯಾಸ ಮಾಡುವವರಿಗೆ ಅದೇ ಸಾಕ್ಷಿ.

ಕಾಗದ ಪತ್ರ ಇಲ್ಲ. ಆರ್‌ಟಿಒದಲ್ಲಿ ಎಂತ ಮಾಡೂದು?

ಎಲ್ಲಿ ಮೊದಲು ನೋಂದಣಿಯಾಗಿತ್ತು ಎಂದು ಹುಡುಕಿ. ಹಳೆ ವಿಮೆ, ತೆರಿಗೆ ರಸೀದಿ, ಏನಿದ್ದರೂ ಉಪಯೋಗಕ್ಕೆ ಬರುತ್ತದೆ. ಸೇನೆಯ ಹರಾಜಿನಲ್ಲಿ ಕೊಳ್ಳುವುದಾದರೆ, ಈಗ ಇಂಥ ಹರಾಜು ಹೆಚ್ಚಾಗಿ ಕೇಂದ್ರ ಸರ್ಕಾರದ ಕಂಪನಿ ಎಂಎಸ್‌ಟಿಸಿ ಮೂಲಕ ಆನ್‌ಲೈನ್‌ನಲ್ಲಿ ನಡೆಯುತ್ತದೆ, ಫಾರ್ಮ್ 21ರ ಮಾರಾಟ ಪ್ರಮಾಣಪತ್ರ ಸಿಗುತ್ತದೋ ಇಲ್ಲವೋ ಎಂದು ಮೊದಲೇ ಓದಿಕೊಳ್ಳಿ. ಗುಜರಿ ಎಂದು ಮಾರಿದ್ದು ರಸ್ತೆಗೆ ಬರುವುದು ಕಷ್ಟ.

50 ವರ್ಷ ದಾಟಿದ ಗಾಡಿಗೆ 2021ರ ವಿಂಟೇಜ್ ನಿಯಮ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂತರ ನವೀಕರಣಕ್ಕೆ 5,000. ನಂಬರಿನಲ್ಲಿ ‘ವಿಎ’ ಬರುತ್ತದೆ. ಮೊದಲೇ ನೋಂದಣಿ ಇದ್ದರೆ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಕೆಎ-30 ಕಾರವಾರದ್ದೋ ಕೆಎ-31 ಶಿರಸಿಯದ್ದೋ ಹಳೆ ಪ್ಲೇಟ್ ಇದ್ದರೆ ಉಳಿಸಿಕೊಳ್ಳುವುದೇ ಚೆಂದ. ಆದರೆ ಗಮನಿಸಿ, ವಿಂಟೇಜ್ ಆದ ಮೇಲೆ ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿ ಇಷ್ಟಕ್ಕೆ ಮಾತ್ರ. ಚಾಸಿ, ಬಾಡಿಯಲ್ಲಿ ದೊಡ್ಡ ಬದಲಾವಣೆ ಮಾಡಿರಲೂ ಬಾರದು.

ಈಗಿನ ಪೆಟ್ರೋಲ್ ಹಾಕಿದ್ರೆ ಹಳೆ ಜೀಪು ಹಾಳಾಗ್ತದಂತೆ?

ಈಗ ಬಂಕಿನಲ್ಲಿ ಸಿಗುವುದು 20 ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲ್. ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅದಕ್ಕೆ ಊದಿ ಬಿರಿಯುತ್ತವೆ. ಎಥೆನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಟ್ಯಾಂಕಿನ ತಳ ತುಕ್ಕು ಹಿಡಿಯುತ್ತದೆ. ಎಥೆನಾಲ್ ತಡೆಯುವ ಪೈಪು, ಡಯಾಫ್ರಂ ಹಾಕಿಸಿ. ಮಳೆಗಾಲದಲ್ಲಿ ಓಡಿಸದಿದ್ದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ.

ಮಳೆಗಾಲದಲ್ಲಿ ಗಾಡಿ ಎಲ್ಲಿಡಬೇಕು? ಕಾರವಾರದಲ್ಲೋ ಶಿರಸಿಯಲ್ಲೋ?

ಅವಕಾಶವಿದ್ದರೆ ಘಟ್ಟದ ಮೇಲೆ. ಶಿರಸಿಯಲ್ಲೂ ಮಳೆ ಜೋರು, ಬೂಸ್ಟು ಜಾಸ್ತಿ, ಆದರೆ ಉಪ್ಪು ಇಲ್ಲ. ಕರಾವಳಿಯಲ್ಲೇ ಇಡಬೇಕಾದರೂ ದಡದಿಂದ ಒಂದೆರಡು ಕಿಲೋಮೀಟರ್ ಒಳಗೆ ಹೋದರೆ ಗಾಳಿಯ ಉಪ್ಪು ಬಹಳ ಕಡಿಮೆಯಾಗುತ್ತದೆ.

ಟಾರ್ಪಾಲಿನ್ ಬಿಗಿದು ಕಟ್ಟಬೇಡಿ, ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಸೂರು ಭದ್ರವಾಗಿದ್ದು ಗಾಳಿಯಾಡುವ ಕೊಟ್ಟಿಗೆ ಒಳ್ಳೆಯದು. ಬ್ಯಾಟರಿ ಬಿಚ್ಚಿಡಿ. ಚಕ್ರ ನೆಲಕ್ಕೆ ತಾಗದಂತೆ ಸ್ಟ್ಯಾಂಡ್ ಕೊಡಿ. ಚಾಸಿಯ ಪೊಳ್ಳುಗಳಿಗೆ ಮೇಣದ ಸ್ಪ್ರೇ ಹೊಡೆಸಿ, ಆದರೆ ನೀರಿಳಿಯುವ ತೂತುಗಳನ್ನು ಮುಚ್ಚಬೇಡಿ. ಇಲಿ ವೈರ್ ಕಡಿಯುತ್ತದೆ, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಕಾಂಕ್ರೀಟ್ ಬಂಕರ್ ಗಟ್ಟಿ ಅಲ್ವಾ, ಅದ್ಯಾಕೆ ಒಡೀತದೆ?

ನಮ್ಮ ಜಿಲ್ಲೆಯ ಕೋಟೆಗಳು ಕಲ್ಲಿನವು. ಕಾಂಕ್ರೀಟಿನದು ನೋಡಬೇಕಾದರೆ ವಿಶಾಖಪಟ್ಟಣದ ಕಡಲತೀರದಲ್ಲಿ ಎರಡನೇ ಮಹಾಯುದ್ಧದ ಪಿಲ್‌ಬಾಕ್ಸ್‌ಗಳು, ಅಂದರೆ ಸಣ್ಣ ಕಾವಲು ಬಂಕರ್‌ಗಳು, ಇವೆ. ಯುರೋಪಿನಲ್ಲಂತೂ ಜರ್ಮನರು 1942ರಿಂದ 1944ರವರೆಗೆ ನಾರ್ವೆಯಿಂದ ಫ್ರಾನ್ಸಿನ ತುದಿಯವರೆಗೆ ಕಟ್ಟಿದ ಸಾವಿರಾರು ಬಂಕರ್‌ಗಳಿವೆ. ಮರಳ ದಿಬ್ಬ ಕೊಚ್ಚಿಹೋಗಿ ಎಷ್ಟೋ ಈಗ ನೀರಿಗೆ ಜಾರಿವೆ.

ಹೊಸ ಕಾಂಕ್ರೀಟಿನ ಕ್ಷಾರ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಸಮುದ್ರದ ಕ್ಲೋರೈಡ್ ಒಳಗಿಳಿದು ಕಂಬಿ ಮುಟ್ಟಿದರೆ ಆ ಕಾವಲು ಮುರಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟ್ ಒಳಗಿನಿಂದ ಸಿಡಿಯುತ್ತದೆ. ಒಡೆದ ಕಡೆ ಮಾತ್ರ ತೇಪೆ ಹಾಕಿದರೆ ತೇಪೆಯ ಅಂಚಿನಲ್ಲೇ ಹೊಸ ತುಕ್ಕು ಶುರುವಾಗುತ್ತದೆ. ಉಪ್ಪು ತುಂಬಿದ ಹಳೆ ಕಾಂಕ್ರೀಟಿನ ಕಂಬಿಯೂ ಶುದ್ಧ ತೇಪೆಯೊಳಗಿನ ಕಂಬಿಯೂ ಸೇರಿ ವಿದ್ಯುತ್ ಕೋಶವಾಗುವುದೇ ಕಾರಣ. ಅದಕ್ಕೇ ತೇಪೆಯ ಅಂಚಿನಲ್ಲಿ ಸತುವಿನ ತುಂಡುಗಳನ್ನು ಕಂಬಿಗೆ ಕಟ್ಟುತ್ತಾರೆ. ಕಬ್ಬಿಣದ ಬದಲು ಸತು ಕರಗುತ್ತದೆ. ಹಳೆ ಜೆಟ್ಟಿಗಳಿಗೂ ಇದೇ ವಿದ್ಯೆ.

ಚಪಲ, ಟುಪೊಲೆವ್ ಎರಡೂ ಸಮುದ್ರದ ಬುಡದಲ್ಲೇ ಇವೆ. ಎಷ್ಟು ಕಾಲ ತಡೆದಾವು?

ಆರೈಕೆಯ ಮೇಲೆ ನಿಂತಿದೆ. ಓಸಾ ಜಾತಿಯ ದೋಣಿಗಳ ಒಡಲು ಉಕ್ಕು, ಮೇಲಿನ ಮನೆ ಅಲ್ಯೂಮಿನಿಯಂ ಮಿಶ್ರಲೋಹ. ಎರಡು ಲೋಹ ಸೇರುವ ಅಂಚಿನಲ್ಲಿ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ. ನೀರಿನಲ್ಲಿದ್ದಾಗ ಒಡಲಿಗೆ ಕಟ್ಟಿದ ಸತುವಿನ ತುಂಡುಗಳು ಕೆಲಸ ಮಾಡುತ್ತವೆ. ದಡದ ಮೇಲೆ ಆ ರಕ್ಷಣೆ ಇಲ್ಲ, ಬಣ್ಣವೊಂದೇ ಗತಿ.

ಟುಪೊಲೆವ್ ಇನ್ನೂ ಸೂಕ್ಷ್ಮ. ನೌಕಾಪಡೆ 1988ರಿಂದ ಇಂಥ ಎಂಟು ವಿಮಾನಗಳನ್ನು ಬಳಸಿ, 2017ರ ಮಾರ್ಚ್ 29ರಂದು ನಿವೃತ್ತಿ ಮಾಡಿತು. ಅದರ ಮೈ ತೆಳು ಅಲ್ಯೂಮಿನಿಯಂ, ಅಲ್ಲಲ್ಲಿ ಉಕ್ಕಿನ ಬೋಲ್ಟು. ರೆಕ್ಕೆಯೊಳಗೆ ನೀರು ನಿಲ್ಲದಂತೆ ತೂತುಗಳು ತೆರೆದಿರಬೇಕು, ಹಕ್ಕಿ ಗೂಡು ಕಟ್ಟದಂತೆ ಬಲೆ ಬೇಕು. ಒಣ ತಿಂಗಳುಗಳಲ್ಲಿ ಆಗಾಗ ಸಿಹಿನೀರಿನ ಸ್ನಾನ ಮಾಡಿಸಬೇಕು. ಮಳೆಗಾಲದಲ್ಲಿ ಆಕಾಶವೇ ಉಪ್ಪು ತೊಳೆಯುತ್ತದೆ, ನಂತರದ ಎಂಟು ತಿಂಗಳು ಅದು ಮೈಮೇಲೆ ಕೂರುತ್ತಲೇ ಹೋಗುತ್ತದೆ. ಹೊಸ ಪ್ರದರ್ಶನಕ್ಕೆ ಹಣ ಕೊಡುವಷ್ಟೇ ಉತ್ಸಾಹದಿಂದ ಈ ತೊಳೆಯುವ ಕೆಲಸಕ್ಕೂ ಹಣ ಇಡಬೇಕು ಎಂಬುದು ನನ್ನ ಬಲವಾದ ಒತ್ತಾಯ.

ಬಲೆಗೆ ಹಳೆ ತೋಪು ಸಿಕ್ಕಿದೆ. ತೊಳೆದು ದೇವಸ್ಥಾನದ ಎದುರು ಇಡ್ತೇವೆ, ಆಗ್ಬಹುದಾ?

ಮೊದಲು ಒಣಗಲು ಬಿಡಬೇಡಿ. ಇದೇ ಮುಖ್ಯ. ನೂರಾರು ವರ್ಷ ಸಮುದ್ರದಲ್ಲಿದ್ದ ಎರಕದ ಕಬ್ಬಿಣದೊಳಗೆ ಕ್ಲೋರೈಡ್ ತುಂಬಿರುತ್ತದೆ. ಬಿಸಿಲಿಗಿಟ್ಟರೆ ಮೊದಲ ವಾರ ಚೆನ್ನಾಗಿ ಕಾಣುತ್ತದೆ, ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ. ಸುತ್ತಿಗೆಯಿಂದ ಮೇಲಿನ ಗಟ್ಟಿ ಪದರ ಒಡೆಯಲು ಹೋಗಬೇಡಿ. ಒದ್ದೆ ಗೋಣಿ ಸುತ್ತಿ, ಆದಷ್ಟು ಬೇಗ ಸಿಹಿನೀರಿನ ತೊಟ್ಟಿಯಲ್ಲಿ ಮುಳುಗಿಸಿ. ನೀರಿಗೆ ವಾಷಿಂಗ್ ಸೋಡಾ ಸೇರಿಸಿದರೆ ತುಕ್ಕು ತಡೆಯುತ್ತದೆ.

ಅದೇ ದಿನ ಪೊಲೀಸರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯಡಿ ಪುರಾವಸ್ತು. ತೋಪಿನೊಳಗೆ ಗುಂಡು, ಮದ್ದು ಉಳಿದಿರಬಹುದು, ಬಾಯೊಳಗೆ ಕಬ್ಬಿಣದ ಸಲಾಕೆ ತೂರಿಸಬೇಡಿ. ಈ ಕಾಲದ ಶೆಲ್ಲಿನ ಹಾಗೆ ಕಾಣುವ ಲೋಹದ ಕೊಳವೆ ಸಿಕ್ಕಿದರಂತೂ ಮುಟ್ಟಲೇಬೇಡಿ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು.

ಉಪ್ಪು ಪೂರ್ತಿ ಹೊರಬರಲು ಪ್ರಯೋಗಾಲಯದ ತೊಟ್ಟಿಯಲ್ಲಿ ಸಣ್ಣ ವಿದ್ಯುತ್ ಹರಿಸುತ್ತಾ ತಿಂಗಳುಗಟ್ಟಲೆ, ದೊಡ್ಡ ತೋಪಾದರೆ ವರ್ಷಗಟ್ಟಲೆ ಇಡಬೇಕಾಗುತ್ತದೆ. ಆಗಾಗ ನೀರು ಬದಲಿಸಿ, ಕ್ಲೋರೈಡ್ ಅಳೆದು ನೋಡುತ್ತಾರೆ. ಆಮೇಲೆ ಟ್ಯಾನಿಕ್ ಆಮ್ಲ, ಅದರ ಮೇಲೆ ಬಿಸಿ ಮೇಣ. ಇಷ್ಟಾದ ಮೇಲೆ ಊರಿಗೆ ತಂದು ಸೂರಿನಡಿ ಇಡಲು ಅನುಮತಿ ಕೇಳಬಹುದು. ಇಟ್ಟಾಗ ನೆಲಕ್ಕೆ ತಾಗಿಸಬೇಡಿ, ಬಾಯಿ ಸ್ವಲ್ಪ ಕೆಳಗೆ ಬಾಗಿರಲಿ, ಒಳಗೆ ನೀರು ನಿಲ್ಲುವುದಿಲ್ಲ.